ಬಿಟ್ಟುಕೊಟ್ಟವರು

ಪೂರ್ವಾಶ್ರಮದ ಮಾತನ್ನು ಮಠಾಧಿಪತಿಗಳಾದವರು ಎತ್ತಬಾರದೆಂಬುದು ಹಿರಿಯರಿಂದ ಬಂದ ಮರ್ಯಾದೆ. ದೀಕ್ಷೆ ಹೊಂದಿದವನಿಗೆ ಗುರುವೇ ತಂದೆ, ಭಕ್ತಸಮೂಹವೇ ಬಂಧುಬಳಗ. ಹುಟ್ಟಿದ ಮನೆ, ಹೆತ್ತವರ ಹೆಸರು, ಆಡಿದ ಓಣಿ ಇವೆಲ್ಲವೂ ಮಠದ ಹೊಸ್ತಿಲಿನ ಹೊರಗೆ ಉಳಿಯತಕ್ಕವು. ಈ ಮರ್ಯಾದೆಯನ್ನು ನಾವು ಇಂದಿನವರೆಗೂ ಪಾಲಿಸಿಕೊಂಡು ಬಂದಿದ್ದೇವೆ, ಮುಂದೆಯೂ ಪಾಲಿಸುವೆವು. ಆದರೆ ನಮ್ಮ ಪ್ರಸಾದ ನಿಲಯದಲ್ಲಿ ಓದಿ ಈಗ ದೂರದ ಊರಿನಲ್ಲಿ ನೌಕರಿಯಲ್ಲಿರುವ ಭಕ್ತರೊಬ್ಬರು ಪತ್ರ ಬರೆದು, "ತಂದೆತಾಯಿಗಳ ಋಣವನ್ನು ಕುರಿತು ತಾವು ನಮಗೆಲ್ಲ ಉಪದೇಶಿಸುತ್ತೀರಿ, ಸಂನ್ಯಸ್ತರಿಗೆ ಆ ಋಣ ಉಂಟೋ ಇಲ್ಲವೋ?" ಎಂದು ಕೇಳಿದ್ದಾರೆ. ಪ್ರಶ್ನೆಯಲ್ಲಿ ಕುಹಕವಿಲ್ಲ, ನಿಜವಾದ ಜಿಜ್ಞಾಸೆಯಿದೆ. ಶಾಸ್ತ್ರದ ಉತ್ತರವನ್ನು ಎರಡು ಸಾಲಿನಲ್ಲಿ ಬರೆದು ಕಳುಹಿಸಬಹುದಾಗಿತ್ತು. ಅದರಿಂದ ಅವರಿಗೂ ತೃಪ್ತಿಯಾಗದು, ನಮಗೂ ಆಗದು. ಆದುದರಿಂದ ವಾಚಕರ ಮುಂದೆ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಹೆಸರು ಹೇಳುವುದಿಲ್ಲ, ಅಷ್ಟರಮಟ್ಟಿಗೆ ಮರ್ಯಾದೆ ಉಳಿಯಲಿ.

ನಮ್ಮ ಪೂರ್ವಾಶ್ರಮದ ಊರು ಹೂವಿನಹಡಗಲಿ ತಾಲ್ಲೂಕಿನ ಮಾಗಳ, ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ. ಅಲ್ಲಿಯ ಸೂರ್ಯನಾರಾಯಣ ದೇವಾಲಯವನ್ನೂ ವೇಣುಗೋಪಾಲಸ್ವಾಮಿ ದೇವಾಲಯವನ್ನೂ ಕಲ್ಲಿನ ಕೆತ್ತನೆ ಬಲ್ಲವರು ಕೊಂಡಾಡುತ್ತಾರೆ. ೧೮೯೬ರಲ್ಲಿ ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸ ಚಾಳುಕ್ಯ ಶಿಲ್ಪವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಮಾಗಳ, ಹಿರೇಹಡಗಲಿ, ಬಾಗಳಿ, ಕುರುವತ್ತಿಗಳ ಗುಡಿಗಳಿಗೆ ಸ್ಥಾನ ದೊರೆತಿದೆ. ಆ ಗುಡಿಗಳ ನೆರಳಿನಲ್ಲಿಯೇ ನಮ್ಮ ತಂದೆಯವರ ಬಾಲ್ಯ ಕಳೆಯಿತು. ಅವರು ಹುಟ್ಟಿದ್ದು ಪ್ರಜೋತ್ಪತ್ತಿ ಸಂವತ್ಸರದಲ್ಲಿ, ಎಂದರೆ ೧೯೩೧ರಲ್ಲಿ, ಶಿವಾಧೀನರಾದದ್ದು ೨೦೧೭ರಲ್ಲಿ. ಜಂಗಮ ಮನೆತನ, ಓಣಿಯವರಿಗೆ ಅವರು 'ಅಯ್ಯನೋರು'. ನಾಲ್ಕೆಕರೆ ಎರೆ ಹೊಲ, ಒಂದು ಜೊತೆ ಎತ್ತು, ಒಂದು ಜೋಳಿಗೆ ಇವಿಷ್ಟು ಅವರ ಆಸ್ತಿ. ಹೊಲದ ಜೋಳ ಮನೆಗೆ, ಜೋಳಿಗೆಯ ಜೋಳ ಮಠಕ್ಕೆ ಎಂಬುದು ಅವರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟಳೆ. ಬರಗಾಲದ ವರ್ಷದಲ್ಲಿಯೂ ಎರಡನ್ನೂ ಅವರು ಒಂದೇ ಗುಮ್ಮಿಯಲ್ಲಿ ಸುರಿದವರಲ್ಲ.

ಆ ತಲೆಮಾರಿನವರು ಎಂಥ ಕಾಲದಲ್ಲಿ ಬಾಳಿದರೆಂಬುದನ್ನು ಇಂದಿನ ತರುಣರು ಊಹಿಸುವುದು ಕಷ್ಟ. ೧೮೦೦ರಲ್ಲಿ ನಿಜಾಮನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿಯೂ ಸೇರಿತ್ತು. ಅಂದಿನಿಂದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ಕನ್ನಡಿಗರು ಮದರಾಸಿನ ಆಡಳಿತಕ್ಕೆ ಒಳಪಟ್ಟವರು. ನದಿಯ ಆಚೆ ದಡ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ನಮ್ಮ ತಂದೆಯವರ ಅಕ್ಕನನ್ನು ಆಚೆ ದಡದ ಹಳ್ಳಿಗೆ ಕೊಟ್ಟಿದ್ದರು. ಅಕ್ಕ ಮುಂಬಯಿ ಪ್ರಾಂತದಲ್ಲಿ, ತಮ್ಮ ಮದರಾಸು ಪ್ರಾಂತದಲ್ಲಿ. ನಡುವೆ ಒಂದು ಹರಿಗೋಲು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಚೆ ಹೋದವು. ೧೯೫೬ರ ನವೆಂಬರ್ ೧ರಂದು ನದಿಯ ಎರಡು ದಡಗಳೂ ಒಂದೇ ರಾಜ್ಯವಾದವು. ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ೨೦೧೮ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ೨೦೨೧ರಲ್ಲಿ ಈ ಪಶ್ಚಿಮ ತಾಲ್ಲೂಕುಗಳೆಲ್ಲ ವಿಜಯನಗರ ಜಿಲ್ಲೆಯಾದವು. ಅದನ್ನು ನೋಡಲು ಅವರಿರಲಿಲ್ಲ. ಹುಟ್ಟಿದ ಮನೆಯನ್ನು ಬಿಟ್ಟು ಕದಲದೆಯೇ ಅವರು ಇಷ್ಟು ಹೆಸರುಗಳ ಕೆಳಗೆ ಬಾಳಿದರು. "ಕಾಗದ ಬದಲಾಗ್ತಾವು, ಹೊಳಿ ಬದಲಾಗಂಗಿಲ್ಲ" ಎಂಬುದಷ್ಟೇ ಈ ಬಗ್ಗೆ ಅವರ ಮಾತು.

ಆದರೆ ಹೊಳೆಯೂ ಬದಲಾಯಿತು. ೧೯೪೫ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು ೧೯೫೩ರ ಹೊತ್ತಿಗೆ ನೀರು ತಡೆದು ನಿಂತಾಗ, ಹೊಸಪೇಟೆಯ ಮೇಲ್ಭಾಗದ ತೊಂಬತ್ತರಷ್ಟು ಊರುಗಳು ಹಿನ್ನೀರಿನ ಪಾಲಾದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಠ ಕಳೆದುಕೊಂಡರು. ಮಾಗಳ ಉಳಿಯಿತು. ಆದರೆ ನೀರು ಬಂದ ಊರುಗಳಲ್ಲಿ ನಮ್ಮವರ ಬೀಗರಿದ್ದರು. ಗಾಡಿಯಲ್ಲಿ ಬಾಗಿಲು, ತೊಲೆ, ಜಂತಿಗಳನ್ನು ಹೇರಿಕೊಂಡು ಅವರು ಹೊಸ ಊರುಗಳಿಗೆ ಹೋಗುವಾಗ ನಮ್ಮ ಮನೆಯ ಜಗಲಿಯ ಮೇಲೆ ಒಂದು ರಾತ್ರಿ ತಂಗಿದ್ದುದನ್ನು ತಂದೆಯವರು ಅನೇಕ ಸಲ ಹೇಳುತ್ತಿದ್ದರು. ಅಣೆಕಟ್ಟಿನ ನೀರು ಕೆಳಗಿನ ಸೀಮೆಗೆ ಹರಿದು ಲಕ್ಷಾಂತರ ಎಕರೆಗೆ ಹಸುರು ತಂದಿತು, ಅದು ಸುಳ್ಳಲ್ಲ. ಆದರೆ ಊರು ಕೊಟ್ಟವರು ಒಬ್ಬರು, ಬೆಳೆ ಕಂಡವರು ಮತ್ತೊಬ್ಬರು. ಕೊಟ್ಟವರ ಹೆಸರು ಆ ಕಲ್ಲುಕಟ್ಟಡದ ಮೇಲೆ ಎಲ್ಲಿಯೂ ಇಲ್ಲ. ಆ ತಲೆಮಾರಿನ ಬಾಳನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಹೀಗೆಯೇ ಹೇಳಬೇಕು: ತಾವು ಕಾಣದ ಫಲಕ್ಕಾಗಿ ಬಿಟ್ಟುಕೊಟ್ಟವರು ಅವರು.

ಇನ್ನು ವಿದ್ಯೆಯ ವಿಷಯ. ತಂದೆಯವರು ಓದಿದ್ದು ಊರಿನ ಐಗಳ ಶಾಲೆಯಲ್ಲಿ, ನಾಲ್ಕು ವರ್ಷ. ಮರಳ ಮೇಲೆ ಬೆರಳಿಟ್ಟು ತಿದ್ದಿದ ಅಕ್ಷರ. ಕಾಲು, ಅರೆ, ಮುಕ್ಕಾಲುಗಳ ಬಾಯಿಲೆಕ್ಕ. ಆಮೇಲೆ ಪುರಾಣ ಓದುವ ಕ್ರಮ. ಐಗಳಿಗೆ ಸಂಬಳವೆಂದರೆ ಸುಗ್ಗಿಯಲ್ಲಿ ಕೊಟ್ಟಷ್ಟು ಕಾಳು. ಇಷ್ಟು ಓದಿನಲ್ಲಿಯೇ ಅವರು ಶ್ರಾವಣ ಮಾಸವಿಡೀ ಗುಡಿಯ ಕಟ್ಟೆಯ ಮೇಲೆ ಕುಳಿತು ಭೀಮಕವಿಯ ಬಸವಪುರಾಣವನ್ನೂ ಚಾಮರಸನ ಪ್ರಭುಲಿಂಗಲೀಲೆಯನ್ನೂ ಓದಿ ಅರ್ಥ ಹೇಳುತ್ತಿದ್ದರು. ವಚನಗಳು ಮಾತ್ರ ಅವರ ಕೈಗೆ ಬಂದದ್ದು ತಡವಾಗಿ. ತಾಳೆಯೋಲೆಯಲ್ಲಿ ಮಠಮನೆಗಳ ಮಾಡಿನಲ್ಲಿದ್ದ ಶರಣರ ಮಾತುಗಳನ್ನು ಫ. ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಹಾಕಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿ, ೧೯೨೬ರಿಂದ ಶಿವಾನುಭವ ಪತ್ರಿಕೆಯನ್ನು ನಡೆಸಿದ ಕಥೆ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಹಳಕಟ್ಟಿಯವರ ದುಡಿಮೆಯ ಫಲ ಹಳ್ಳಿಯ ಅಯ್ಯನೋರ ಜೋಳಿಗೆಯವರೆಗೆ ಬಂದು ಮುಟ್ಟಿದ್ದು ನಮ್ಮ ತಂದೆಯವರ ತಲೆಮಾರಿನಲ್ಲಿಯೇ. ಅಂಚು ಹರಿದ ಒಂದು ವಚನ ಸಂಗ್ರಹ ಅವರ ಜೋಳಿಗೆಯಲ್ಲಿ ಸದಾ ಇರುತ್ತಿತ್ತು. ಭಿಕ್ಷೆ ನೀಡಿದ ಮನೆಯ ಮುಂದೆ ನಿಂತು ಒಂದು ವಚನ ಓದಿ ಮುಂದಿನ ಮನೆಗೆ ಹೋಗುತ್ತಿದ್ದರು. "ಕಾಳು ತಗೊಂಡು ಸುಮ್ನ ಹೋದ್ರ ಅದು ಭಿಕ್ಷಾ ಅಲ್ಲ, ಸಾಲ" ಎನ್ನುತ್ತಿದ್ದರು.

ಆ ಕಾಳು ಎಲ್ಲಿಗೆ ಹೋಗುತ್ತಿತ್ತು? ಇದು ಮುಖ್ಯವಾದ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಸಮಾಜದಲ್ಲಿ ವಿದ್ಯೆಯ ಹಸಿವು ಎಚ್ಚೆತ್ತಿತು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ೧೯೦೪ರಲ್ಲಿ ಮಹಾಸಭೆ, ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಹುಟ್ಟಿದವು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯೂ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ತಲೆಯೆತ್ತಿದವು. ೧೯೪೫ರಲ್ಲಿ ಬಳ್ಳಾರಿಗೆ ವೀರಶೈವ ಮಹಾವಿದ್ಯಾಲಯ ಬಂದಿತು. ಶಾಲೆಗಳಾದವು, ಆದರೆ ಹಳ್ಳಿಯ ಹುಡುಗ ಪಟ್ಟಣದಲ್ಲಿ ಉಳಿದು ಉಣ್ಣುವುದೆಲ್ಲಿ? ಆಗ ಮಠಗಳು ಪ್ರಸಾದ ನಿಲಯಗಳನ್ನು ತೆರೆದವು. ಧಾರವಾಡದ ಮುರುಘಾಮಠದಿಂದ ತುಮಕೂರಿನ ಸಿದ್ಧಗಂಗೆಯವರೆಗೆ ಸಾವಿರಾರು ಮಕ್ಕಳು ಉಂಡು ಓದಿದರು. ಪೂಜ್ಯರ ತಪಸ್ಸನ್ನು ನಾವೆಲ್ಲ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಒಲೆಯ ಮೇಲಿನ ಹಂಡೆಗೆ ಸುರಿದ ಕಾಳು ಆಕಾಶದಿಂದ ಬೀಳಲಿಲ್ಲ. ಅದು ಹಳ್ಳಿಹಳ್ಳಿಯ ಕಣದಿಂದ, ಮನೆಮನೆಯ ಬೀಸುಕಲ್ಲಿನ ಬದಿಯಿಂದ ಬಂದದ್ದು.

ಬೀಸುವ ಮುನ್ನ ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕುವುದು ಆಗಿನ ಹೆಣ್ಣುಮಕ್ಕಳ ವ್ರತ. ಹಿಡಿಧಾನ್ಯವೆಂದೂ ಮುಷ್ಟಿಯೆಂದೂ ಅದಕ್ಕೆ ಹೆಸರು. ಹದಿನೈದು ದಿನಕ್ಕೊಮ್ಮೆ ನಮ್ಮ ತಂದೆಯವರು ಆ ಗಡಿಗೆಗಳನ್ನು ಬರಿದು ಮಾಡಿ ಚೀಲ ತುಂಬಿ, ತಮ್ಮ ಗಾಡಿಯಲ್ಲಿಯೇ ಪ್ರಸಾದ ನಿಲಯಕ್ಕೆ ಮುಟ್ಟಿಸುತ್ತಿದ್ದರು. ಗಾಡಿಯ ಬಾಡಿಗೆ ಕೇಳಿದವರಲ್ಲ. ಆ ಹಿಡಿಯ ಬೆಲೆ ತಿಳಿಯಬೇಕಾದರೆ ನಮ್ಮ ಸೀಮೆಯ ಬರಗಾಲದ ನೆನಪು ಬೇಕು. ೧೮೭೬ರ ಧಾತು ಸಂವತ್ಸರದಲ್ಲಿ ತೊಡಗಿದ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತ್ತು. ಅದನ್ನು ಕಂಡವರ ಮೊಮ್ಮಕ್ಕಳು ಇವರು. ನೆಲಕ್ಕೆ ಬಿದ್ದ ಕಾಳನ್ನು ಆಯ್ದು ಹಣೆಗೊತ್ತಿ ಮತ್ತೆ ಗುಮ್ಮಿಗೆ ಹಾಕುತ್ತಿದ್ದ ಜನ, ಅದೇ ಗುಮ್ಮಿಯಿಂದ ದಿನಕ್ಕೊಂದು ಹಿಡಿಯನ್ನು ತಾವು ಎಂದೂ ಕಾಣದ ಹುಡುಗರಿಗಾಗಿ ತೆಗೆದಿಟ್ಟರು. ಅಕ್ಕಿಯನ್ನು ಹೆಚ್ಚಾಗಿ ಆಯ್ದು ತಂದ ಗಂಡನಿಗೆ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ವೇದಿಕೆಯ ಮೇಲೆ ವರ್ಣಿಸುತ್ತೇವೆ. ಆ ಹೆಣ್ಣುಮಕ್ಕಳು ವೇದಿಕೆ ಹತ್ತಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ತಾಯಿಯವರಿಗೂ ಬರುತ್ತಿರಲಿಲ್ಲ. ತಾವು ಓದದೆ ಓದಿಸಿದವರು ಅವರು.

ಆ ತಲೆಮಾರನ್ನು ದೇವರ ಜಗಲಿಯ ಮೇಲೆ ಕೂರಿಸುವುದು ನಮ್ಮ ಉದ್ದೇಶವಲ್ಲ. ಗಂಡುಮಕ್ಕಳನ್ನು ಶಾಲೆಗೆ ಕಳುಹಿಸಿ ಹೆಣ್ಣುಮಕ್ಕಳನ್ನು ಬೀಸುಕಲ್ಲಿನ ಮುಂದೆ ಕೂರಿಸಿದ್ದೂ ಅವರೇ. ಬಸವಣ್ಣನವರ ಹೆಸರು ಹೇಳುತ್ತಲೇ ಊರ ಕೇರಿಗಳ ನಡುವಿನ ಗೆರೆಯನ್ನು ಉಳಿಸಿಕೊಂಡು ಬಂದದ್ದೂ ಅವರೇ. ತಂದೆಯವರು ವಯಸ್ಸಾದ ಮೇಲೆ ಈ ಮಾತನ್ನು ತಾವಾಗಿಯೇ ಎತ್ತಿ, "ಪುರಾಣದಾಗ ಓದಿದ್ದು ಬಾಯಾಗ ಇತ್ತು, ಕಾಲಾಗ ಇರಲಿಲ್ಲ" ಎಂದಿದ್ದುಂಟು. ತನ್ನ ಕಾಲದ ಕೊರತೆಯನ್ನು ತಾನೇ ಅಳೆದು ಹೇಳಬಲ್ಲ ಹಿರಿಯರು ಅಪರೂಪ. ಆ ಕೊರತೆಗಳನ್ನು ತುಂಬುವ ಹೊಣೆ ನಮ್ಮ ಮೇಲಿದೆಯೆಂಬುದನ್ನು ಬಲ್ಲವರು ಅವರ ದೊಡ್ಡತನವನ್ನೂ ಸರಿಯಾಗಿ ಬಲ್ಲರು.

ಹೀಗೆ ಕಾಳು ಕೊಟ್ಟವರು ಮಕ್ಕಳನ್ನೂ ಕೊಟ್ಟರು. ೧೯೭೮ರಲ್ಲಿ, ನಮಗೆ ಒಂಬತ್ತು ವರ್ಷವಾಗಿದ್ದಾಗ, ತಂದೆಯವರು ನಮ್ಮನ್ನು ಶಿವಯೋಗಮಂದಿರಕ್ಕೆ ಕರೆದೊಯ್ದು ವಟುವಾಗಿ ಒಪ್ಪಿಸಿದರು. ಹೊಸಪೇಟೆಯಲ್ಲಿ ರೈಲು ಹತ್ತಿ, ಗದಗಿನಲ್ಲಿ ಗಾಡಿ ಬದಲಿಸಿ, ಬಾದಾಮಿಯಲ್ಲಿ ಇಳಿದೆವು. ಅಲ್ಲಿಯ ಹಿರಿಯರು "ಮಗನ ನೆನಪಾದರೆ ಬಂದು ನೋಡಿಕೊಂಡು ಹೋಗಿರಿ" ಎಂದಾಗ ಅವರು ಕೈಮುಗಿದು, "ಕೊಟ್ಟ ಮ್ಯಾಲೆ ನೋಡಾಕ ಬರೋದು ಚೊಲೋ ಅಲ್ಲ ಬುದ್ಧಿ, ಪ್ರವಚನ ಕೇಳಾಕ ಬರ್ತೀನಿ" ಎಂದರು. ಬಂದದ್ದೂ ಹಾಗೆಯೇ. ಜಾತ್ರೆಯಲ್ಲಿ ಜನರ ನಡುವೆ ಕುಳಿತು, ದೂರದಿಂದ ನೋಡಿ, ಪ್ರಸಾದ ಸ್ವೀಕರಿಸಿ ಹೋಗುವರು. ಮುಂದೆ ನಾವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಸುದ್ದಿ ತಿಳಿದು ಒಂದು ಕಾರ್ಡು ಬರೆದಿದ್ದರು. ಅದರಲ್ಲಿದ್ದುದು ಎರಡೇ ವಾಕ್ಯ: ಪದವಿ ಬಂದದ್ದು ಸಂತೋಷ, ಊರಿನ ಹಿಡಿಜೋಳದ ಲೆಕ್ಕ ಈಗ ಸ್ವಲ್ಪ ತೀರಿತು.

೧೯೯೮ರಲ್ಲಿ ನಮಗೆ ಪಟ್ಟಾಧಿಕಾರವಾಯಿತು. ನಮ್ಮ ಉತ್ತರದ ಸೀಮೆಯಲ್ಲಿ ಸ್ವಾಮಿಗಳನ್ನು 'ಅಪ್ಪಾರು' ಎಂದು ಕರೆಯುವ ರೂಢಿಯುಂಟಷ್ಟೆ. ಆ ದಿನ ಭಕ್ತರ ಸಾಲಿನಲ್ಲಿ ನಿಂತು ಬಂದ ತಂದೆಯವರು ನಮ್ಮ ಪಾದಕ್ಕೆ ತಲೆಯಿಟ್ಟು ಎದ್ದು, "ಅಪ್ಪಾರೆ, ಆಶೀರ್ವಾದ ಮಾಡ್ರಿ" ಎಂದರು. ಹುಟ್ಟಿದಂದಿನಿಂದ ನಾವು ಅವರನ್ನು ಕರೆದ ಹೆಸರಿನಿಂದ ಅವರು ನಮ್ಮನ್ನು ಕರೆದರು. ಅದರಲ್ಲಿ ನಾಟಕವಿರಲಿಲ್ಲ, ಸಂಕೋಚವೂ ಇರಲಿಲ್ಲ. ಹಿಂದೆ ಬಂದ ತಾಯಿಯವರು ಪಾದ ಮುಟ್ಟಿದಾಗ ಅವರ ಕೈ ಹಿಮ್ಮಡಿಯ ಒಡಕಿನ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು. ಅಷ್ಟೆ, ಅವರೂ ಮುಂದೆ ಸರಿದರು. ಅಂದಿನಿಂದ ಕೊನೆಯವರೆಗೆ ತಂದೆಯವರು ನಮ್ಮನ್ನು ಏಕವಚನದಲ್ಲಿ ಮಾತಾಡಿಸಲಿಲ್ಲ.

ಆಗಿನಿಂದ ನಮ್ಮನ್ನು ಕಾಡಿದ ವಿಚಾರವೊಂದಿದೆ. ಲೋಕ ನಮ್ಮನ್ನು ವಿರಾಗಿಗಳೆನ್ನುತ್ತದೆ, ಮನೆಮಾರು ಬಿಟ್ಟವರೆಂದು ಗೌರವಿಸುತ್ತದೆ. ಒಂಬತ್ತು ವರ್ಷದ ಹುಡುಗ ಬಿಟ್ಟದ್ದಾದರೂ ಏನು? ತನ್ನದೆನ್ನುವ ವಸ್ತು ಅವನಿಗೆ ಇತ್ತೇ? ಬಿಟ್ಟುಕೊಟ್ಟವರು ಅವರು. ಮಗನ ಮೇಲಿನ ಹಕ್ಕನ್ನು ಬಿಟ್ಟರು. ಕೊನೆಗಾಲದಲ್ಲಿ ಅವನು ಆಸರೆಯಾಗುವನೆಂಬ ಆಸೆಯನ್ನು ಬಿಟ್ಟರು. 'ಮಗ' ಎಂಬ ಮಾತನ್ನೇ ನಾಲಗೆಯಿಂದ ಬಿಟ್ಟರು. ಇಷ್ಟನ್ನು ಬಿಟ್ಟೂ ಮನೆಯಲ್ಲಿಯೇ ಇದ್ದರು, ಹೊಲ ಉತ್ತರು, ಸಾಲ ತೀರಿಸಿದರು. ತ್ಯಾಗವೆಂದರೆ ಮಮಕಾರವನ್ನು ಕಳೆಯುವುದೆಂದು ಶಾಸ್ತ್ರದಲ್ಲಿ ಓದಿದೆವು. ಅದನ್ನು ಕಾವಿಯಿಲ್ಲದೆ, ಹೆಸರಿಲ್ಲದೆ ಮಾಡಬಹುದೆಂಬುದನ್ನು ಅವರಲ್ಲಿ ಕಂಡೆವು. ಪತ್ರ ಬರೆದ ಭಕ್ತರಿಗೆ ನಮ್ಮ ಉತ್ತರವಿದು: ದೀಕ್ಷೆಯಿಂದ ಮಮಕಾರ ಅಳಿಯತಕ್ಕದ್ದು, ಕೃತಜ್ಞತೆ ಅಳಿಯತಕ್ಕದ್ದಲ್ಲ. ತಂದೆಯ ಋಣ ಸಂನ್ಯಸ್ತನಿಗೂ ಉಂಟು. ಅವನಿಗೆ ಹೆಚ್ಚಾಗಿಯೇ ಉಂಟು. ಅವನು ಕುಳಿತ ಪೀಠವನ್ನು ಹೊತ್ತು ನಿಂತಿರುವುದು ಇಂಥ ತಂದೆತಾಯಿಗಳ ಹೆಗಲು.

ಈ ಮಾತಿಗೆ ಪರೀಕ್ಷೆಯ ದಿನವೂ ಬಂದಿತು. ಲಿಂಗವಂತರಲ್ಲಿ ಸೂತಕವಿಲ್ಲ, ಕಾಯವನ್ನು ಕೂರಿಸಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಸಮಾಧಿ ಮಾಡುವೆವು. ಅದಕ್ಕೆ ಮೊದಲು ಜಂಗಮನು ಮೃತರ ತಲೆಯ ಮೇಲೆ ಪಾದವಿಡುವ ಸಂಪ್ರದಾಯ ನಮ್ಮ ಕಡೆ ಇದೆ. ಊರಿನ ಎಷ್ಟೋ ಜನರಿಗೆ ನಮ್ಮ ತಂದೆಯವರೇ ಆ ಪಾದವಿಟ್ಟವರು. ಈಗ ಅವರಿಗೆ ಇಡುವವರು ಯಾರು? ಪೀಠದ ದೃಷ್ಟಿಯಿಂದ ನಾವು ಇಡಬೇಕಾದವರು. ಹೆತ್ತ ತಂದೆಯ ತಲೆಯ ಮೇಲೆ ಮಗ ಪಾದವಿಡುವುದು ಹೇಗೆಂದು ಕೆಲವರು ಅಳುಕಿದರು. ಪಕ್ಕದ ಊರಿನ ಅಯ್ಯನವರನ್ನು ಕರೆಸೋಣವೆಂದರು. ಇಬ್ಬರ ಮಾತಿನಲ್ಲಿಯೂ ಧರ್ಮವಿತ್ತು. ಆಗ ನಮಗೆ ನೆನಪಾದದ್ದು ಬಾಲ್ಯದಲ್ಲಿ ಕೇಳಿದ ಅವರದೇ ಮಾತು. ಯಾರದೋ ಮನೆಯ ಮಣ್ಣು ಮುಗಿಸಿ ಬಂದ ಅವರನ್ನು, "ಸತ್ತೋರ ತಲಿ ಮ್ಯಾಲೆ ಕಾಲಿಡಾಕ ನಿಮಗ ಹೆಂಗ ಅನ್ನಿಸ್ತೈತಿ?" ಎಂದು ನಾವು ಕೇಳಿದ್ದೆವು. "ಪಾದ ಅಯ್ಯಂದಲ್ಲ ತಮ್ಮಾ, ಗುರುವಿಂದು. ಅಯ್ಯ ಸುಮ್ನ ನಿಂತಿರ್ತಾನ" ಎಂದಿದ್ದರು. ಆ ಮಾತೇ ನಿರ್ಣಯ ಕೊಟ್ಟಿತು. ಹತ್ತೊಂಬತ್ತು ವರ್ಷ ಅವರ ತಲೆ ನಮ್ಮ ಪಾದದ ಬಳಿಗೆ ಬಂದಿತ್ತು; ಅಂದು ಪಾದ ತಲೆಯ ಬಳಿಗೆ ಹೋಯಿತು. ನಾವು ಸುಮ್ಮನೆ ನಿಂತಿದ್ದೆವು. ಮಂತ್ರ ತಪ್ಪಲಿಲ್ಲ. ಕಣ್ಣಿನ ವಿಷಯವನ್ನು ಇಲ್ಲಿ ಬರೆಯುವುದಿಲ್ಲ.

ಅನಂತರ ಒಂದು ಕುತೂಹಲದಿಂದ ನಮ್ಮ ಪ್ರಸಾದ ನಿಲಯದ ಹಳೆಯ ಕಿರ್ದಿ ಪುಸ್ತಕಗಳನ್ನು ತೆಗೆಸಿ ನೋಡಿದೆವು. ದೊಡ್ಡ ದೇಣಿಗೆಗಳಿಗೆ ಹೆಸರಿದೆ. ಕೆಲವಕ್ಕೆ ಗೋಡೆಯ ಮೇಲೆ ಕಲ್ಲೂ ಇದೆ. ಹಿಡಿಧಾನ್ಯಕ್ಕೆ ಊರಿನ ಹೆಸರು ಮಾತ್ರ: ಇಂಥ ಊರು, ಜೋಳ, ಇಷ್ಟು ಚೀಲ. ಮಾಗಳವೆಂಬ ಮೂರಕ್ಷರ ವರ್ಷಾನುವರ್ಷ ಬರುತ್ತದೆ. ಗಾಡಿ ಹೊಡೆದುಕೊಂಡು ಬಂದವರ ಹೆಸರಿಲ್ಲ, ಗಡಿಗೆಗೆ ಹಿಡಿ ಹಾಕಿದ ಕೈಗಳ ಹೆಸರಂತೂ ಇಲ್ಲವೇ ಇಲ್ಲ. ಕರಣಿಕರ ತಪ್ಪಲ್ಲ ಇದು. ಹಿಡಿಹಿಡಿಯಾಗಿ ಬಂದದ್ದನ್ನು ಯಾರ ಖಾತೆಗೆ ಬರೆಯುವುದು? ಆದರೆ ಆ ಪುಟಗಳನ್ನು ತಿರುವಿದಾಗ ನಮ್ಮ ಮಠದ ಇತಿಹಾಸ ಎರಡು ಕಡೆ ಬರೆದಿದೆಯೆಂದು ತೋರಿತು. ಒಂದು ಕಲ್ಲಿನ ಮೇಲೆ. ಇನ್ನೊಂದು ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ. ಎರಡನೆಯದು ದಿನದಿನಕ್ಕೆ ಕರಗುತ್ತಿದೆ.

ಆದುದರಿಂದ ವಾಚಕರಲ್ಲಿ, ವಿಶೇಷವಾಗಿ ಈ ಮಠದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ, ಒಂದು ಕೆಲಸವನ್ನು ಬೇಡುತ್ತೇವೆ. ಮುಂದಿನ ಶ್ರಾವಣದೊಳಗೆ ನಿಮ್ಮ ನಿಮ್ಮ ಹಳ್ಳಿಗಳಿಗೆ ಹೋಗಿರಿ. ಹಿರಿಯರ ಬಳಿ ಕುಳಿತು, ಹಿಡಿಧಾನ್ಯ ಎತ್ತುತ್ತಿದ್ದವರು ಯಾರು, ಯಾವ ಮನೆಯ ಅವ್ವಂದಿರು ಗಡಿಗೆ ಇಡುತ್ತಿದ್ದರು, ಗಾಡಿ ಯಾರದು ಎಂದು ಕೇಳಿ ಬರೆದುಕೊಂಡು ಬನ್ನಿರಿ. ಹೆಣ್ಣುಮಕ್ಕಳ ಹೆಸರನ್ನು ಗಂಡನ ಹೆಸರಿನ ಹಿಂದೆ ಸೇರಿಸದೆ ಅವರ ಹೆಸರಿನಿಂದಲೇ ಬರೆಯಿರಿ. ಮಠದಲ್ಲಿ ಅದಕ್ಕೆ ಬೇರೆಯೇ ಒಂದು ಪುಸ್ತಕವನ್ನು ಇಡಿಸಿದ್ದೇವೆ. ಹೆಸರಿನ ಮುಂದೆ ಮೊತ್ತ ಬರೆಯುವುದಿಲ್ಲ, ಚೀಲದ ಲೆಕ್ಕವನ್ನೂ ಬರೆಯುವುದಿಲ್ಲ; ಊರು ಮತ್ತು ಹೆಸರು, ಇಷ್ಟೇ. ಶ್ರಾವಣ ಸೋಮವಾರಗಳಂದು ಪ್ರಸಾದಕ್ಕೆ ಮೊದಲು ಒಂದೊಂದು ಪುಟವನ್ನು ನಿಲಯದ ಮಕ್ಕಳೇ ಓದುವರು.

ಆ ಹಿರಿಯರಿಗೆ ಇದು ಬೇಕಾಗಿರಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದರು. ಬೇಕಾಗಿರುವುದು ನಮಗೆ, ತಟ್ಟೆಯಲ್ಲಿರುವ ಅನ್ನ ಯಾರ ಹಿಡಿಯೆಂದು ತಿಳಿಯದೆ ಉಣ್ಣುವ ಮಕ್ಕಳಿಗೆ. ಮೊದಲ ಪುಟಕ್ಕೆ ಯಾವ ಊರೆಂದು ಕೇಳುವಿರಿ. ಪುಸ್ತಕ ಅಕಾರಾದಿಯಾಗಿರುವುದು, ಮಾಗಳ ತನ್ನ ಸರದಿಯಲ್ಲಿ ಬರಲಿ.